ಕೆಂಚನ ಬೋಗುಣಿ

ಮನೆಗೆ ಹೊಸ ನಾಯಿಮರಿ ಬಂದರೆ ಮಕ್ಕಳಿಗೆ ಹಬ್ಬ. ಮರಿಯನ್ನು ಎತ್ತಿಕೊಳ್ಳುವವರು ಒಬ್ಬರು, ಹಾಲು ತರುವವರು ಒಬ್ಬರು, ಹೆಸರು ಹುಡುಕುವವರು ಇನ್ನೊಬ್ಬರು. ಆ ಸಂಭ್ರಮದಲ್ಲಿ ಮನೆಯ ಮೊದಲ ನಾಯಿ ಎಲ್ಲಿದೆ, ಏನು ಮಾಡುತ್ತಿದೆ ಎಂದು ನೋಡುವವರು ಕಡಮೆ. ಹೊಸಪೇಟೆ, ಕಂಪ್ಲಿ, ಸಂಡೂರಿನ ಎಷ್ಟೋ ಮನೆಗಳಲ್ಲಿ ನಡೆಯುವ ಈ ಸಂಗತಿಯನ್ನು ಒಂದು ಮನೆಯ ಕತೆಯಾಗಿ ಹೇಳಿದರೆ ಅದು ಹೀಗಿರುತ್ತದೆ.

ಹೊಸಪೇಟೆಯ ಹಳೆಯ ಬೀದಿಯೊಂದರಲ್ಲಿ ಆ ಮನೆ. ಮನೆಯಲ್ಲಿ ಅಜ್ಜಿ, ತಂದೆ, ತಾಯಿ ಮತ್ತು ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು. ಅವರೊಡನೆ ಕೆಂಚನೆಂಬ ನಾಯಿ. ಕೆಂಚನಿಗೆ ಆಗ ಹತ್ತು ತಿಂಗಳು. ಬೆಳಗಿನ ರೊಟ್ಟಿಯ ಸಪ್ಪಳ ಕೇಳಿದೊಡನೆ ಅಡುಗೆಮನೆಯ ಹೊಸ್ತಿಲಿಗೆ ಬಂದು ಕುಳಿತುಕೊಳ್ಳುವುದು, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ನಾಲ್ಕು ಗಳಿಗೆಯೂ ಬಿಡದೆ ತಿಂದು ಬೋಗುಣಿಯನ್ನು ನೆಕ್ಕಿ ಬೆಳಗುವುದು, ಅನಂತರ ಹುಡುಗಿಯನ್ನು ಬೀದಿಯ ತಿರುವಿನವರೆಗೆ ಕಳುಹಿಸಿ ಬರುವುದು ಅದರ ನಿತ್ಯಕರ್ಮವಾಗಿತ್ತು.

ಯುಗಾದಿ ಕಳೆದ ಮೇಲೆ ಕಂಪ್ಲಿಯಿಂದ ಸೋದರಮಾವ ಬಂದರು. ಅವರ ಕೈಯಲ್ಲೊಂದು ಬುಟ್ಟಿ, ಬುಟ್ಟಿಯಲ್ಲಿ ಎರಡು ತಿಂಗಳ ಬಿಳಿಯ ಮರಿ. ಗದ್ದೆಯ ಬದಿಯ ಗುಡಿಸಿಲಲ್ಲಿ ಹುಟ್ಟಿದ ಆ ಮರಿಗೆ ಪುಟ್ಟನೆಂದು ಹೆಸರಾಯಿತು. ಅಂದು ಸಂಜೆ ಕೆಂಚನ ಬೋಗುಣಿ ತುಂಬಿದಂತೆಯೇ ಉಳಿಯಿತು. ಮರುದಿನ ಬೆಳಗ್ಗೆ ಅರ್ಧ ರೊಟ್ಟಿ ತಿಂದು ಉಳಿದುದನ್ನು ಮೂಸಿ ಬಿಟ್ಟಿತು. ಮೂರನೆಯ ದಿನ ಮರಿ ಆಡುತ್ತ ಹೋಗಿ ಅದರ ಬೋಗುಣಿಗೆ ಮೂತಿ ಹಾಕಿದಾಗ ಹಲ್ಲು ತೋರಿಸಿ ಗುರ್ರೆಂದಿತು. ಎಂದೂ ಮನೆಯೊಳಗೆ ಗಲೀಜು ಮಾಡದಿದ್ದ ನಾಯಿ ಪಡಸಾಲೆಯ ಕಂಬಕ್ಕೆ ಕಾಲೆತ್ತಿತು. ಕರೆದರೆ ಬರುತ್ತಿದ್ದುದು ಈಗ ತಲೆ ತಿರುಗಿಸಿ ನೋಡಿ ಕಟ್ಟೆಯ ಕೆಳಗೆ ನುಸುಳಿಕೊಳ್ಳತೊಡಗಿತು.

ಮನೆಯವರು ಇದಕ್ಕೆ ತಮಗೆ ತೋರಿದ ಕಾರಣಗಳನ್ನು ಹೇಳಿದರು. “ಕುನ್ನಿ ಬಂತಲ್ಲ, ಅದಕ್ಕೇ ಇದಕ್ಕೆ ಹೊಟ್ಟೆಕಿಚ್ಚು” ಎಂದರು ಅಜ್ಜಿ. “ಬಿಸಿಲು ಹೀಗೆ ಸುಡುವಾಗ ಯಾರಿಗೆ ತಾನೇ ಅನ್ನ ಸೇರೀತು?” ಎಂದರು ತಾಯಿ. ನೆರೆಮನೆಯವರೊಬ್ಬರು ಮಾತ್ರ ಬೇರೆ ದಾರಿ ತೋರಿಸಿದರು: “ಗುರ್ರೆನ್ನುವ ನಾಯಿ ನಾಳೆ ಕಚ್ಚುತ್ತದೆ. ಸಂಡೂರಿನ ಕಡೆಗೆ ಹೋಗುವ ಲಾರಿಯಲ್ಲಿ ಹತ್ತಿಸಿಬಿಡಿ. ಗುಡ್ಡದ ಹತ್ತಿರ ಇಳಿಸಿ ಬರುತ್ತಾರೆ. ಮರಿ ಹೇಗೂ ಇದೆಯಲ್ಲ.” ತಂದೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾನುವಾರದವರೆಗೆ ನೋಡೋಣ” ಎಂದರು.

ಹುಡುಗಿ ಆ ಮಾತನ್ನು ಕೇಳಿಸಿಕೊಂಡಿದ್ದಳು. ಭಾನುವಾರಕ್ಕೆ ಇನ್ನು ನಾಲ್ಕು ದಿನಗಳಿದ್ದವು. ಆಕೆ ಅಳಲಿಲ್ಲ, ವಾದಿಸಲೂ ಇಲ್ಲ. ಹಳೆಯ ನೋಟುಪುಸ್ತಕದ ಉಳಿದ ಹಾಳೆಗಳಲ್ಲಿ ಗೆರೆ ಎಳೆದು, ಕೆಂಚ ಯಾವಾಗ ತಿಂದಿತು, ಎಷ್ಟು ತಿಂದಿತು, ಆಗ ಮರಿ ಎಲ್ಲಿತ್ತು, ನೀರು ಕುಡಿಯಿತೇ ಇಲ್ಲವೇ ಎಂಬುದನ್ನು ಬರೆಯತೊಡಗಿದಳು. ಪ್ರಾಣಿಗೆ ಮಾತಿಲ್ಲ. ಅದರ ನಡವಳಿಕೆಯೇ ಅದರ ಮಾತು. ಆ ಮಾತನ್ನು ತಿಳಿಯಬೇಕಾದರೆ ಮೊದಲು ತೀರ್ಪು ಕೊಡುವುದನ್ನು ನಿಲ್ಲಿಸಿ ನೋಡಬೇಕು.

ಕೆಂಚನ ನಡವಳಿಕೆಯನ್ನು ಅರ್ಥಮಾಡಿಕೊಳ್ಳಲು ಮೊದಲು ಅದರ ವಯಸ್ಸನ್ನು ಗಮನಿಸಬೇಕು. ನಾಯಿಗೂ ಹದಿಹರೆಯವುಂಟು. ಆರು ತಿಂಗಳ ಸುಮಾರಿಗೆ ಮೊದಲಾಗುವ ಈ ಕಾಲ ಸಣ್ಣ ಜಾತಿಯ ನಾಯಿಗಳಲ್ಲಿ ಒಂದು ವರ್ಷದ ಹೊತ್ತಿಗೆ ಮುಗಿಯುತ್ತದೆ. ದೊಡ್ಡ ಜಾತಿಗಳಲ್ಲಿ ಒಂದೂವರೆ ಎರಡು ವರ್ಷದವರೆಗೂ ಇರುತ್ತದೆ. ಮರಿಯ 28 ಹಾಲುಹಲ್ಲುಗಳು ಬಿದ್ದು 42 ಶಾಶ್ವತ ಹಲ್ಲುಗಳು ಬಂದಿರುತ್ತವೆ. ಮೈ ಎತ್ತರವಾಗಿರುತ್ತದೆ, ಆದರೆ ಮನಸ್ಸು ಮಾಗಿರುವುದಿಲ್ಲ. ಗಂಡುನಾಯಿ ಕಾಲೆತ್ತಿ ತನ್ನ ಎಲ್ಲೆಯನ್ನು ಗುರುತಿಸಲು ಕಲಿಯುವುದೂ ಈ ವಯಸ್ಸಿನಲ್ಲಿಯೇ. ಪಡಸಾಲೆಯ ಕಂಬಕ್ಕೆ ಕೆಂಚ ಮಾಡಿದ್ದು ಸೇಡಿನ ಕೆಲಸವಲ್ಲ. ಹೊಸ ವಾಸನೆಯೊಂದು ಮನೆಗೆ ಬಂದಾಗ ತನ್ನ ವಾಸನೆಯನ್ನು ಅಲ್ಲಿ ನಿಲ್ಲಿಸುವ ಹುಟ್ಟುಗುಣ ಅದು.

ಈ ವಯಸ್ಸಿನಲ್ಲಿ ನಾಯಿ ತನ್ನವರ ಮಾತನ್ನೇ ಹೆಚ್ಚು ಮೀರುತ್ತದೆಂಬುದನ್ನು ಬ್ರಿಟನ್ನಿನ ನ್ಯೂಕ್ಯಾಸಲ್ ಮತ್ತು ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯಗಳ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಅಂಧರಿಗೆ ದಾರಿ ತೋರಿಸಲೆಂದು ಬೆಳೆಸುತ್ತಿದ್ದ ನಾಯಿಗಳನ್ನು ಅವರು ಐದನೆಯ ತಿಂಗಳಲ್ಲಿ ಒಮ್ಮೆ, ಎಂಟನೆಯ ತಿಂಗಳಲ್ಲಿ ಒಮ್ಮೆ ಪರೀಕ್ಷಿಸಿದರು. “ಕುಳಿತುಕೋ” ಎಂಬ ಕಲಿತ ಆಜ್ಞೆಯನ್ನೇ ಎಂಟನೆಯ ತಿಂಗಳಲ್ಲಿ ಸಾಕಿದವರು ಹೇಳಿದಾಗ ನಾಯಿಗಳು ಹಿಂದಿನಷ್ಟು ಪಾಲಿಸಲಿಲ್ಲ. ಅದೇ ಆಜ್ಞೆಯನ್ನು ಅಪರಿಚಿತರು ಹೇಳಿದಾಗ ಅಂಥ ಹಿಂಜರಿತ ಕಾಣಲಿಲ್ಲ. ಒಂದು ವರ್ಷ ತುಂಬುವ ವೇಳೆಗೆ ಈ ಮೊಂಡುತನ ಇಳಿದಿತ್ತು. ಮನೆಯಲ್ಲಿ ತಾಯಿಗೆ ಎದುರುತ್ತರ ಕೊಟ್ಟು, ಶಾಲೆಯಲ್ಲಿ ವಿನಯದಿಂದ ಇರುವ ಮಕ್ಕಳನ್ನು ಕಂಡವರಿಗೆ ಇದು ವಿಚಿತ್ರವೆನಿಸದು. ಇದು ದುಷ್ಟತನವಲ್ಲ, ಬೆಳವಣಿಗೆಯ ಒಂದು ಮೆಟ್ಟಿಲು. ಆದರೆ ಈ ಮೆಟ್ಟಿಲನ್ನು ತಿಳಿಯದವರು, ಸಾಕಿದ ನಾಯಿ ಕೆಟ್ಟುಹೋಯಿತೆಂದು ಬಗೆದು, ಇನ್ನು ಕೆಲವೇ ತಿಂಗಳಲ್ಲಿ ಸರಿಹೋಗಬಹುದಾದುದನ್ನು ಬೀದಿಗೆ ಬಿಡುತ್ತಾರೆ.

ಹಸಿವು ಕುಗ್ಗಲು ಸಹ ಈ ವಯಸ್ಸು ಒಂದು ಕಾರಣ. ಮರಿ ದಿನದಿನಕ್ಕೂ ಬೆಳೆಯುತ್ತದೆ. ಮೈ ಕಟ್ಟುವುದಕ್ಕೆ ಅದಕ್ಕೆ ಆಹಾರ ಹೆಚ್ಚು ಬೇಕು. ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಉಣಿಸಬೇಕು. ಆರು ತಿಂಗಳಾದ ಮೇಲೆ ಎರಡು ಹೊತ್ತಿನ ಊಟ ಸಾಕು. ಬೆಳವಣಿಗೆಯ ವೇಗ ತಗ್ಗಿದಂತೆ ಹಸಿವೂ ತಗ್ಗುತ್ತದೆ. ನಿನ್ನೆಯವರೆಗೆ ತಿನ್ನುತ್ತಿದ್ದ ಅಳತೆಯನ್ನೇ ಇಂದೂ ಹಾಕಿದರೆ ಒಂದಿಷ್ಟು ಉಳಿಯುವುದು ಸಹಜ. ಇದಕ್ಕೆ ಬಿಸಿಲೂ ಕೂಡಿಕೊಳ್ಳುತ್ತದೆ. ಹೊಸಪೇಟೆಯ ಬೇಸಗೆಯಲ್ಲಿ ಸುತ್ತಲಿನ ಬಂಡೆಗಳು ಕಾದು, ಸಂಜೆಯಾದರೂ ಬಿಸಿಯನ್ನು ಬಿಡುವುದಿಲ್ಲ. ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವ ಶಕ್ತಿಯಿಲ್ಲ. ಅದು ನಾಲಗೆ ಚಾಚಿ ಏದುಸಿರು ಬಿಟ್ಟು ಮೈಯ ಕಾವನ್ನು ಇಳಿಸಿಕೊಳ್ಳಬೇಕು. ಅಂಥ ಹೊತ್ತಿನಲ್ಲಿ ಅದಕ್ಕೆ ಊಟಕ್ಕಿಂತ ನೆರಳೂ ನೀರೂ ಮುಖ್ಯ. ತಾಯಿ ಹೇಳಿದ ಮಾತಿನಲ್ಲಿ ಸತ್ಯವಿತ್ತು.

ಆದರೆ ವಯಸ್ಸು, ಬಿಸಿಲುಗಳೆರಡೂ ಮರಿ ಬರುವ ಮೊದಲೇ ಇದ್ದುವಷ್ಟೆ. ಅಂದೇ ಸಂಜೆ ಊಟ ಬಿಟ್ಟದ್ದು ಏಕೆ? ಇದನ್ನು ತಿಳಿಯಲು ಮನೆಯನ್ನು ನಾಯಿಯ ಮೂಗಿನಿಂದ ನೋಡಬೇಕು. ನಾಯಿಯ ಘ್ರಾಣಶಕ್ತಿ ಮನುಷ್ಯನದಕ್ಕಿಂತ ಅನೇಕ ಪಾಲು ಹೆಚ್ಚು. ಹುಡುಗಿಯ ಕೈ, ಅಜ್ಜಿಯ ಸೆರಗು, ತಾನು ಮಲಗುವ ಗೋಣಿಚೀಲ, ಉಣ್ಣುವ ಬೋಗುಣಿ, ಹೀಗೆ ಕೆಂಚನ ಪಾಲಿಗೆ ಮನೆಯೆಂಬುದು ಪರಿಚಿತ ವಾಸನೆಗಳ ಒಂದು ಕೂಟ. ಒಂದೇ ದಿನದಲ್ಲಿ ಅವೆಲ್ಲದರ ಮೇಲೂ ಇನ್ನೊಂದು ಪ್ರಾಣಿಯ ವಾಸನೆ ಬಂದು ಕುಳಿತಿತು. ವಾಸನೆಯೊಡನೆ ವೇಳೆಯೂ ಕೆಟ್ಟಿತು. ಬೆಳಗಿನ ರೊಟ್ಟಿಗೆ ಮೊದಲು ಮರಿಯ ಹಾಲು, ಸಂಜೆಯ ತಿರುಗಾಟಕ್ಕೆ ಬದಲಾಗಿ ಮರಿಯ ಆಟ. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳ ಜೀರ್ಣಕ್ರಿಯೆಯನ್ನು ಅಭ್ಯಾಸಮಾಡಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಆಹಾರ ಬಾಯಿಗೆ ಬೀಳುವ ಮುನ್ನವೇ, ಅದನ್ನು ತರುವವರ ಹೆಜ್ಜೆಯ ಸಪ್ಪಳಕ್ಕೇ ನಾಯಿಯ ಬಾಯಲ್ಲಿ ನೀರೂರುತ್ತದೆಂದು ಅವರ ಪ್ರಯೋಗಗಳು ತೋರಿಸಿದವು. ಎಂದರೆ ನಾಯಿಯ ಹಸಿವು ಹೊಟ್ಟೆಯಲ್ಲಿ ಮಾತ್ರ ಇರುವುದಲ್ಲ. ದಿನದ ಕ್ರಮದಲ್ಲಿ, ಸಪ್ಪಳದಲ್ಲಿ, ಸ್ಥಳದಲ್ಲಿ ಅದು ನೆಲೆಸಿರುತ್ತದೆ. ಕ್ರಮ ತಪ್ಪಿದರೆ ಹಸಿವೂ ದಾರಿ ತಪ್ಪುತ್ತದೆ.

ಅಳುಕಿದ ಪ್ರಾಣಿಯ ದೇಹದಲ್ಲಿ ಇನ್ನೊಂದು ಕ್ರಿಯೆಯೂ ನಡೆಯುತ್ತದೆ. ಓಡಬೇಕಾದೀತು, ಇಲ್ಲವೇ ಹೋರಾಡಬೇಕಾದೀತು ಎಂದು ದೇಹ ಸಿದ್ಧವಾಗುವಾಗ ಅಡ್ರಿನಲಿನ್ ಮೊದಲಾದ ರಸಗಳು ರಕ್ತಕ್ಕೆ ಸೇರುತ್ತವೆ. ಎದೆಯ ಬಡಿತ ಏರುತ್ತದೆ, ರಕ್ತ ಹೊಟ್ಟೆಯಿಂದ ಸ್ನಾಯುಗಳ ಕಡೆಗೆ ಹರಿಯುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಪರೀಕ್ಷೆಯ ದಿನ ಬೆಳಗ್ಗೆ ತಟ್ಟೆಯ ಮುಂದೆ ಕುಳಿತು ತುತ್ತು ಇಳಿಯದಿದ್ದ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಲವು ನಾಯಿಗಳು ಇದಕ್ಕೆ ವಿರುದ್ಧವಾಗಿ, ಇನ್ನೊಂದು ಕಸಿದೀತೆಂಬ ಆತುರದಿಂದ ಗಬಗಬನೆ ನುಂಗಿ ವಾಂತಿ ಮಾಡುವುದೂ ಉಂಟು. ಊಟ ಬಿಡುವುದೂ ಗಬಗಬನೆ ನುಂಗುವುದೂ ಒಂದೇ ಅಳುಕಿನ ಎರಡು ಮುಖಗಳು.

ಹಾಗಾದರೆ ಅಜ್ಜಿ ಹೇಳಿದ ಹೊಟ್ಟೆಕಿಚ್ಚಿನ ಮಾತು ಸುಳ್ಳೇ? ಈ ಪ್ರಶ್ನೆ ಹಳೆಯದು. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಮನುಷ್ಯ ಮತ್ತು ಪ್ರಾಣಿಗಳ ಭಾವಪ್ರಕಟನೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. 2014ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕರು 36 ನಾಯಿಗಳನ್ನು ಅವುಗಳ ಮನೆಗಳಲ್ಲಿಯೇ ಪರೀಕ್ಷಿಸಿದರು. ಸಾಕಿದವರು ತಮ್ಮ ನಾಯಿಯನ್ನು ಕಡೆಗಣಿಸಿ, ಬೊಗಳಿ ಬಾಲವಾಡಿಸುವ ಬೊಂಬೆನಾಯಿಯೊಂದನ್ನು ಮುದ್ದಿಸಿದಾಗ ನೂರಕ್ಕೆ 78ರಷ್ಟು ನಾಯಿಗಳು ಬಂದು ಅವರನ್ನು ಮೂತಿಯಿಂದ ತಳ್ಳಿದವು, ಮುಟ್ಟಿದವು. ಬೊಂಬೆನಾಯಿಯ ಬದಲು ಒಂದು ಡಬ್ಬಿಯನ್ನು ಮುದ್ದಿಸಿದಾಗ ಹಾಗೆ ಮಾಡಿದವು ನೂರಕ್ಕೆ 42. ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಾಗ ನೂರಕ್ಕೆ 22 ಮಾತ್ರ. ಇದಕ್ಕೆ ಮೊದಲು 2008ರಲ್ಲಿ ಆಸ್ಟ್ರಿಯದ ವಿಯೆನ್ನಾದಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಎರಡು ನಾಯಿಗಳನ್ನು ಪಕ್ಕಪಕ್ಕದಲ್ಲಿ ಕೂರಿಸಿ ಕೈ ಕೊಡಲು ಹೇಳಿ, ಒಂದಕ್ಕೆ ತಿಂಡಿ ಕೊಟ್ಟು ಇನ್ನೊಂದಕ್ಕೆ ಕೊಡದಿದ್ದಾಗ, ಏನೂ ಸಿಗದ ನಾಯಿ ಬೇಗನೆ ಕೈ ಕೊಡುವುದನ್ನು ನಿಲ್ಲಿಸಿತು. ಆದರೆ ಒಂದಕ್ಕೆ ಮಾಂಸದ ತಿಂಡಿ, ಇನ್ನೊಂದಕ್ಕೆ ಬರಿಯ ರೊಟ್ಟಿ ಕೊಟ್ಟಾಗ ಯಾವ ನಾಯಿಯೂ ತಕರಾರು ಮಾಡಲಿಲ್ಲ. ಯಾರಿಗೆ ರುಚಿಯಾದುದು ಸಿಕ್ಕಿತೆಂದು ನಾಯಿ ಲೆಕ್ಕ ಹಾಕಲಿಲ್ಲ. ತನಗೆ ಏನೂ ಸಿಗಲಿಲ್ಲವೆಂಬುದನ್ನು ಮಾತ್ರ ಗುರುತಿಸಿತು.

ಅಸೂಯೆಗೆ ಕನ್ನಡದಲ್ಲಿ ಹೊಟ್ಟೆಕಿಚ್ಚು ಎಂಬ ಪದವಿರುವುದು ಅರ್ಥಪೂರ್ಣವಾಗಿದೆ. ಮನಸ್ಸಿನ ಬೇಗೆ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುತ್ತದೆಂಬುದನ್ನು ಹಿರಿಯರು ಅರಿತಿದ್ದರು. ಆದರೆ ಆ ಪದದಲ್ಲಿ ನಿಂದೆಯೂ ಇದೆ. ಹೊಟ್ಟೆಕಿಚ್ಚು ಎಂದೊಡನೆ ತಪ್ಪು ಕೆಂಚನದಾಗುತ್ತದೆ. ತನ್ನ ಪಾಲು ಕೈತಪ್ಪೀತೆಂಬ ಅಳುಕು ಎಂದರೆ, ಪಾಲು ಹಂಚುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಆಗ ತಪ್ಪನ್ನು ಮನೆಯವರೂ ತಮ್ಮಲ್ಲಿ ಹುಡುಕಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೂ ಒಂದು ಎಚ್ಚರಿಕೆ ಉಳಿಯುತ್ತದೆ. ಮರಿ ಬಂದ ದಿನವೇ ನಾಯಿ ಊಟ ಬಿಟ್ಟಿತೆಂದು, ಕಾರಣ ಮರಿಯೇ ಎಂದು ನಿಶ್ಚಯಿಸಿಬಿಡುವುದು ಅಪಾಯ. ಊಟ ಬಿಡುವುದು ಅನೇಕ ರೋಗಗಳ ಮೊದಲ ಲಕ್ಷಣ. ಉಣ್ಣಿಗಳಿಂದ ಬರುವ ಜ್ವರದಲ್ಲಿ ನಾಯಿ ಮಂಕಾಗಿ ಅನ್ನ ಬಿಡುತ್ತದೆ. ಜಂತುಹುಳು, ಹಲ್ಲುನೋವುಗಳಲ್ಲಿಯೂ ಹೀಗೆಯೇ. 1978ರ ಸುಮಾರಿಗೆ ಜಗತ್ತಿನಾದ್ಯಂತ ಕಾಣಿಸಿಕೊಂಡ ಪಾರ್ವೋ ಎಂಬ ವೈರಾಣು ರೋಗ ಎಳೆಯ ನಾಯಿಗಳಿಗೆ ಮೃತ್ಯುಸಮಾನ. ವಾಂತಿ, ರಕ್ತಭೇದಿಗಳಿಂದ ಮರಿ ಕೆಲವೇ ದಿನಗಳಲ್ಲಿ ಸಾಯಬಹುದು. ರೋಗಿಯ ಮಲದಿಂದ ಹರಡುವ ಈ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೊರಗಿನಿಂದ ಬಂದ ಮರಿ ತನ್ನೊಡನೆ ರೋಗವನ್ನೂ ತರಬಹುದಾದ್ದರಿಂದ ಮೊದಲ ದಿನಗಳಲ್ಲಿ ಅದನ್ನು ಬೇರೆಯಾಗಿರಿಸಿ ಪಶುವೈದ್ಯರಿಗೆ ತೋರಿಸುವುದು ಜಾಣತನ. ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಮರಿಗೆ ಈ ರೋಗದ ಲಸಿಕೆ ಮೊದಲಾಗಿ, ವೈದ್ಯರು ಹೇಳಿದಂತೆ ಮತ್ತೆ ಮತ್ತೆ ಕೊಡಿಸಬೇಕಾಗುತ್ತದೆ.

ಎಲ್ಲಕ್ಕಿಂತ ಭೀಕರವಾದದ್ದು ರೇಬೀಸ್. ಊಟ ಬಿಡುವುದು, ಕತ್ತಲೆಯಲ್ಲಿ ಅಡಗುವುದು, ಕಾರಣವಿಲ್ಲದೆ ಕೆರಳುವುದು, ಜೊಲ್ಲು ಸುರಿಸುವುದು, ನೀರು ನುಂಗಲಾಗದಿರುವುದು ಅದರ ಲಕ್ಷಣಗಳು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಪ್ರಾಣಿಗಾಗಲಿ ಮನುಷ್ಯನಿಗಾಗಲಿ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ಫ್ರಾನ್ಸಿನ ಲೂಯಿ ಪಾಶ್ಚರ್ 1885ರ ಜುಲೈ 6ರಂದು ನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಲಸಿಕೆ ಕೊಡಿಸಿ ಉಳಿಸಿದ ಬಳಿಕ ಮನುಷ್ಯನಿಗೆ ಈ ಸಾವನ್ನು ತಡೆಯುವ ದಾರಿ ತೆರೆಯಿತು. ಮೂರು ತಿಂಗಳು ತುಂಬಿದ ಮರಿಗೆ ರೇಬೀಸ್ ಲಸಿಕೆ ಹಾಕಿಸಿ ವರ್ಷ ವರ್ಷವೂ ತಪ್ಪದೆ ಮುಂದುವರಿಸಬೇಕು. ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅರಿಸಿನ, ಸುಣ್ಣ, ಖಾರದ ಪುಡಿಗಳನ್ನು ಹಚ್ಚದೆ, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಮನೆಯ ನಾಯಿಯಾದರೂ, ಗಾಯ ಸಣ್ಣದಾದರೂ ಈ ಮಾತಿಗೆ ವಿನಾಯಿತಿಯಿಲ್ಲ.

ಶನಿವಾರದ ವೇಳೆಗೆ ಹುಡುಗಿಯ ಹಾಳೆಗಳು ತುಂಬಿದ್ದವು. ತಂದೆ ಅವನ್ನು ಓದಿದರು. ಕೆಂಚ ಹಗಲು ಬೋಗುಣಿ ಮುಟ್ಟುತ್ತಿರಲಿಲ್ಲ. ಆದರೆ ನಾಲ್ಕು ರಾತ್ರಿಗಳಲ್ಲಿ ಮೂರು ರಾತ್ರಿ, ಮರಿ ಮಲಗಿದ ಮೇಲೆ ಒಂದಿಷ್ಟು ತಿಂದಿತ್ತು. ನೀರನ್ನು ಎಂದಿನಂತೆ ಕುಡಿಯುತ್ತಿತ್ತು. ಅಜ್ಜಿ ಹಿತ್ತಿಲಿನಲ್ಲಿ ಕೈಯಿಂದ ಕೊಟ್ಟ ರೊಟ್ಟಿಯನ್ನು ತಿಂದಿತ್ತು. ಗುರ್ರೆಂದದ್ದು ಮೂರೇ ಸಲ. ಮೂರು ಸಲವೂ ಮರಿಯ ಮೂತಿ ಬೋಗುಣಿಯಲ್ಲಿತ್ತು. ಕಚ್ಚಿದ್ದು ಒಮ್ಮೆಯೂ ಇಲ್ಲ. ತಂದೆ ಹಾಳೆಗಳನ್ನು ಮಡಿಚಿ ಜೇಬಿಗಿಟ್ಟು, ಕೆಂಚನನ್ನೂ ಮರಿಯನ್ನೂ ಕರೆದುಕೊಂಡು ಮಗಳೊಡನೆ ಪಶು ಆಸ್ಪತ್ರೆಗೆ ಹೋದರು.

ವೈದ್ಯರು ಕೆಂಚನ ಮೈಯ ಕಾವನ್ನು ನೋಡಿದರು, ಜ್ವರವಿರಲಿಲ್ಲ. ಒಸಡನ್ನು ಒತ್ತಿ ನೋಡಿದರು, ಬಣ್ಣ ಸರಿಯಾಗಿತ್ತು. ಕಿವಿಯ ಸಂದಿಯಲ್ಲಿ ನಾಲ್ಕಾರು ಉಣ್ಣಿಗಳು ಸಿಕ್ಕವು. ಅವನ್ನು ತೆಗೆದು ಔಷಧಿ ಬರೆದುಕೊಟ್ಟರು. ಎರಡಕ್ಕೂ ಜಂತುಹುಳುವಿನ ಮದ್ದು ಕೊಟ್ಟರು. ಬಳಿಕ ಹುಡುಗಿಯ ಹಾಳೆಗಳನ್ನು ನಿಧಾನವಾಗಿ ಓದಿದರು.

“ಇದನ್ನು ಬರೆದವರು ಯಾರಮ್ಮ?”

“ನಾನೇ ಸರ್.”

“ರೋಗಿ ಬಾಯಿಬಿಟ್ಟು ಹೇಳಲಾಗದ ಕಡೆ ವೈದ್ಯನಿಗೆ ಇದೇ ದಿಕ್ಕು. ಇದು ರೋಗವಲ್ಲ, ಅಳುಕು. ಒಂದು ದಿನ ಪೂರ್ತಿ ಏನೂ ಮುಟ್ಟದಿದ್ದರೆ, ವಾಂತಿ ಭೇದಿ ಕಂಡರೆ, ಮಂಕಾದರೆ ಕೂಡಲೆ ತಾ. ಮರಿಯ ವಿಷಯದಲ್ಲಿ ಅಷ್ಟೂ ಕಾಯಬೇಡ. ಗುರ್ರೆಂದಾಗ ಇದನ್ನು ಹೊಡೆದಿರಾ?”

ತಂದೆ ಒಂದು ಸಲ ಹೊಡೆದದ್ದನ್ನು ಒಪ್ಪಿಕೊಂಡರು.

“ಇನ್ನು ಹೊಡೆಯಬೇಡಿ. ಗುರ್ರೆನ್ನುವುದು ನಾಯಿ ಕೊಡುವ ಎಚ್ಚರಿಕೆ. ಹೊಡೆದು ಅದನ್ನು ಬಿಡಿಸಿದರೆ, ಮುಂದೆ ಎಚ್ಚರಿಕೆ ಕೊಡದೆಯೇ ಕಚ್ಚುವುದನ್ನು ಕಲಿಯುತ್ತದೆ.”

ವೈದ್ಯರು ಹೇಳಿದ ಕ್ರಮ ಸರಳವಾಗಿತ್ತು. ಬೋಗುಣಿಗಳು ಬೇರೆ ಬೇರೆ. ಒಂದು ಪಡಸಾಲೆಯಲ್ಲಿ, ಇನ್ನೊಂದು ಹಿತ್ತಿಲಿನಲ್ಲಿ, ನಡುವೆ ಮುಚ್ಚಿದ ಬಾಗಿಲು. ಮೊದಲು ಕೆಂಚನಿಗೆ, ಆಮೇಲೆ ಮರಿಗೆ. ಹಾಕಿದ ಊಟವನ್ನು ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ತಿನ್ನದಿದ್ದರೆ ಬೈಯದೆ ಎತ್ತಿಡುವುದು, ಮುಂದಿನ ಹೊತ್ತಿಗೆ ಹೊಸದನ್ನು ಕೊಡುವುದು. ತಿನ್ನಲೆಂದು ದಿನಕ್ಕೊಂದು ರುಚಿ ತೋರಿಸಿ ಚಪಲ ಹತ್ತಿಸದಿರುವುದು. ಬಿಸಿಲೇರುವ ಮೊದಲು ಬೆಳಗಿನ ಊಟ, ಬಿಸಿಲಿಳಿದ ಮೇಲೆ ಸಂಜೆಯದು. ಕೆಂಚ ಮಲಗುವ ಗೋಣಿಚೀಲದ ಮೇಲೆ ಮರಿಯನ್ನು ಬಿಡದಿರುವುದು. ಮರಿ ಬಳಿ ಇರುವಾಗ ಕೆಂಚನನ್ನು ಗದರಿಸುವ ಬದಲು ತಲೆ ಸವರುವುದು. ಆಗ ಮರಿಯ ವಾಸನೆಯೊಡನೆ ಒಳ್ಳೆಯ ನೆನಪು ಬೆಸೆಯುತ್ತದೆ. ಎಲ್ಲಕ್ಕೂ ಮಿಗಿಲಾಗಿ, ದಿನದಲ್ಲಿ ಸ್ವಲ್ಪ ಹೊತ್ತಾದರೂ ಕೆಂಚನಿಗೇ ಮೀಸಲಾದ ವೇಳೆ.

ಈ ಕ್ರಮವನ್ನು ಯಾವ ಪುಸ್ತಕವನ್ನೂ ಓದದೆ ಅರಿತವರು ಈ ಸೀಮೆಯ ಕುರಿಗಾರರು. ಸುಗ್ಗಿಯ ಬಳಿಕ ಕಂಪ್ಲಿಯ ಬಯಲಿನಲ್ಲಿ ಗೊಬ್ಬರಕ್ಕಾಗಿ ಹೊಲಗಳಲ್ಲಿ ಕುರಿ ನಿಲ್ಲಿಸುವವರ ಮಂದೆಯೊಡನೆ ನಾಯಿಗಳಿರುತ್ತವೆ. ಅಲ್ಲಿ ಹಳೆಯ ನಾಯಿಯನ್ನು ಓಡಿಸಿ ಮರಿಯನ್ನು ಸಾಕುವುದಿಲ್ಲ. ಹಳೆಯದರ ಬೆನ್ನ ಹಿಂದೆಯೇ ಮರಿ ತಿರುಗಿ, ಕುರಿಯನ್ನು ಬೆದರಿಸದೆ ಕಾಯುವುದನ್ನೂ ಕತ್ತಲಲ್ಲಿ ಯಾವ ಸಪ್ಪಳಕ್ಕೆ ಬೊಗಳಬೇಕೆಂಬುದನ್ನೂ ಕಲಿಯುತ್ತದೆ. ಮರಿ ಹದ ಮೀರಿದಾಗ ಹಳೆಯ ನಾಯಿ ಒಮ್ಮೆ ಗುರ್ರೆನ್ನುತ್ತದೆ, ಮರಿ ಹಿಂದೆ ಸರಿಯುತ್ತದೆ. ಕುರಿಗಾರ ನಡುವೆ ಬಾಯಿ ಹಾಕುವುದಿಲ್ಲ. ಹಿರಿದಕ್ಕೆ ಕೆಲಸವಿದೆ, ಸ್ಥಾನವಿದೆ. ಆದ್ದರಿಂದ ಕಿರಿಯದು ಬಂದರೂ ಅದರ ಪಾಲು ಅಳಿಯುವುದಿಲ್ಲ.

ಕನ್ನಡನಾಡಿನಲ್ಲಿ ನಾಯಿಗೆ ಸಂದ ಗೌರವದ ಸಾಕ್ಷ್ಯವೊಂದು ಕಲ್ಲಿನಲ್ಲಿಯೇ ಉಳಿದಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಶಾಸನವದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗರ ಇಮ್ಮಡಿ ಬೂತುಗನು ಮೆಚ್ಚಿ, ಬೇಡಿದ್ದನ್ನು ಕೊಡುತ್ತೇನೆಂದಾಗ ಆ ವೀರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ದೊಡ್ಡ ಹಂದಿಯೊಂದರೊಡನೆ ಹೋರಾಡಿತು, ಎರಡೂ ಮಡಿದವು. ಮಣಲೇರ ಕಾಳಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಅರ್ಚಕನು ಉಣ್ಣಬಾರದೆಂಬ ಕಟ್ಟಳೆಯೂ ಶಾಸನದಲ್ಲಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ಹಿಂದೆ ನಾಯಿಯೊಂದನ್ನು ನೆನೆಯದೆ ಮನುಷ್ಯ ಉಣ್ಣಬಾರದೆಂದು ಬರೆಸಿದ ನಾಡಿನಲ್ಲಿ, ನಾಯಿ ಉಣ್ಣಲಿಲ್ಲವೆಂದು ಅದನ್ನು ಲಾರಿ ಹತ್ತಿಸುವುದು ಒಪ್ಪುವ ಮಾತಲ್ಲ.

ಗುಡ್ಡದ ಬಳಿ ಬಿಟ್ಟ ನಾಯಿಯ ಗತಿಯೇನಾಗುತ್ತದೆ? ಸಂಡೂರಿನ ಬೆಟ್ಟಗಳಿಂದ ದರೋಜಿಯ ಕಲ್ಲುಗುಡ್ಡಗಳವರೆಗೆ ಚಿರತೆಗಳ ಓಡಾಟವಿದೆ. ನಾಯಿ ಚಿರತೆಗೆ ಸುಲಭದ ಬೇಟೆ. ಊರ ಬಳಿ ಬಿಟ್ಟರೂ ಉಳಿವು ಸುಲಭವಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದ ಮುಂದಿನ ರಥಬೀದಿಯಲ್ಲಿ ಮಲಗಿರುವ ನಾಯಿಗಳು ಸಾಧುವಾಗಿ ಕಂಡರೂ, ಅವುಗಳಿಗೂ ತಮ್ಮ ತಮ್ಮ ಎಲ್ಲೆಗಳಿವೆ. ಹೊಸಬನನ್ನು ಅವು ಸುಲಭವಾಗಿ ಸೇರಿಸುವುದಿಲ್ಲ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು. ಕಾಯಿದೆಗಿಂತ ಮೊದಲು, ಕೈತುತ್ತು ತಿಂದು ಬೆಳೆದ ಜೀವದ ಎಣೆಯಿಲ್ಲದ ನಂಬಿಕೆಗೆ ಅದು ದ್ರೋಹ.

ಭಾನುವಾರ ಬಂತು. ನೆರೆಮನೆಯವರು ಲಾರಿಯ ಮಾತೆತ್ತಿದಾಗ ತಂದೆ, “ಬೇಡ. ನಾಯಿ ತಪ್ಪು ಮಾಡಿಲ್ಲ” ಎಂದಷ್ಟೇ ಹೇಳಿದರು. ಮರುದಿನ ನಸುಕಿನಲ್ಲಿ ಅವರು ಕೆಂಚನೊಂದನ್ನೇ ಕರೆದುಕೊಂಡು ಬಸವಣ್ಣ ಕಾಲುವೆಯ ದಂಡೆಯ ಮೇಲೆ ತಿರುಗಾಡಿ ಬಂದರು. ವಿಜಯನಗರದ ಅರಸರ ಕಾಲದಿಂದ ಗದ್ದೆಗಳಿಗೆ ನೀರುಣಿಸುತ್ತಿರುವ ಕಾಲುವೆಯದು. ಮನೆಗೆ ಬಂದ ಮೇಲೆ ತಾಯಿ ರೊಟ್ಟಿಯನ್ನು ನೆನೆಸಿ ಪಡಸಾಲೆಯಲ್ಲಿಟ್ಟು ಬಾಗಿಲು ಮುಚ್ಚಿದರು. ಕೆಂಚ ಕಾಲು ಭಾಗ ತಿಂದಿತು. ಹುಡುಗಿ ಅದನ್ನು ಬರೆದಿಟ್ಟಳು. ಒಂದು ವಾರದಲ್ಲಿ ಅರ್ಧ, ಎರಡು ವಾರಗಳಲ್ಲಿ ಮುಕ್ಕಾಲು. ನಡುವೆ ಎರಡು ದಿನ ಮತ್ತೆ ಬಿಟ್ಟದ್ದೂ ಉಂಟು. ಮೂರನೆಯ ವಾರದ ಒಂದು ಸಂಜೆ ಪುಟ್ಟ ಕೆಂಚನ ಬಾಲವನ್ನು ಹಿಡಿದು ಜಗ್ಗಿತು. ಕೆಂಚ ತಿರುಗಿ ನೋಡಿತು. ಎಲ್ಲರೂ ಉಸಿರು ಬಿಗಿಹಿಡಿದರು. ಅದು ಮುಂಗಾಲನ್ನು ಚಾಚಿ, ಎದೆಯನ್ನು ನೆಲಕ್ಕೆ ತಗ್ಗಿಸಿ, ಹಿಂಭಾಗವನ್ನು ಎತ್ತಿ ನಿಂತಿತು. ಆಟಕ್ಕೆ ಕರೆಯುವ ನಾಯಿಯ ನಿಲುವು ಅದು.

ಅಂದು ರಾತ್ರಿ ಪಡಸಾಲೆಯಿಂದ ಬೋಗುಣಿ ನೆಲಕ್ಕೆ ಉಜ್ಜುವ ಸಪ್ಪಳ ಕೇಳಿಸಿತು. ಖಾಲಿಯಾದ ಬೋಗುಣಿಯನ್ನು ನೆಕ್ಕುವಾಗ ಬರುವ ಸಪ್ಪಳ ಅದು. ಅಜ್ಜಿ ಕುಳಿತಲ್ಲಿಂದಲೇ, “ಅದಕ್ಕೆ ಹೊಟ್ಟೆಕಿಚ್ಚು ಇರಲಿಲ್ಲ ಬಿಡು. ನಾವೇ ಅದರ ಕಡೆ ನೋಡಿರಲಿಲ್ಲ” ಎಂದರು. ಹುಡುಗಿ ನೋಟುಪುಸ್ತಕದ ಕೊನೆಯ ಸಾಲಿನಲ್ಲಿ ದಿನಾಂಕವನ್ನು ಹಾಕಿ, ಅದರ ಮುಂದೆ ‘ಪೂರ್ತಿ’ ಎಂದು ಬರೆದಳು.